ಮೂರು ಗಾಲಿಯ ಮೋಹ ಮತ್ತು ನಮ್ಮ ಗ್ಯಾರೇಜುಗಳ ಹೊಣೆ

ಅಮೆರಿಕದ ಪೋಲಾರಿಸ್ ಕಂಪನಿಯು 2014ರಲ್ಲಿ ‘ಸ್ಲಿಂಗ್‌ಶಾಟ್’ ಎಂಬ ವಾಹನವನ್ನು ಮಾರುಕಟ್ಟೆಗೆ ತಂದಿತು. ಮುಂದೆ ಎರಡು ಗಾಲಿ, ಹಿಂದೆ ಒಂದು, ಇಬ್ಬರಿಗೆ ಆಸನ. ಬಾಗಿಲುಗಳಿಲ್ಲ, ಮೇಲೆ ಬಯಲು ಆಕಾಶ. ಮೊದಲ ಮಾದರಿಗೆ ಜನರಲ್ ಮೋಟರ್ಸ್‌ನ 2.4 ಲೀಟರ್ ಎಂಜಿನ್ ಅಳವಡಿಸಲಾಗಿತ್ತು. ಸವಾರಿಯ ಸುಖಕ್ಕಾಗಿಯೇ ಹುಟ್ಟಿದ ಈ ವಾಹನವನ್ನು ಕಣ್ಣಾರೆ ಕಂಡವರು ನಮ್ಮ ಭಾಗದಲ್ಲಿ ವಿರಳ. ಆದರೆ ಮೊಬೈಲಿನಲ್ಲಿ ಅದರ ಓಟವನ್ನು ನೋಡಿದ ತರುಣರು ರೋಣ, ನರಗುಂದ, ಗಜೇಂದ್ರಗಡದ ಗ್ಯಾರೇಜುಗಳಿಗೆ ಬಂದು, “ಹಳೆಯ ಟಂಟಂ ಒಂದನ್ನು ಕತ್ತರಿಸಿ ಹೀಗೆ ಮಾಡಿಕೊಡಬಹುದೇ?” ಎಂದು ವಿಚಾರಿಸತೊಡಗಿದ್ದಾರೆ. ಇದನ್ನು ನಕ್ಕು ತಳ್ಳಿಹಾಕುವುದೂ ಸರಿಯಲ್ಲ, ಮುಂಗಡ ಪಡೆದು ಗ್ಯಾಸ್ ಕಟ್ಟರ್ ಹಚ್ಚುವುದೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಮೊದಲು ಯಂತ್ರದ ಮಾತು. ನಮ್ಮ ಆಟೋರಿಕ್ಷಾದ ರಚನೆ ಸ್ಲಿಂಗ್‌ಶಾಟ್‌ಗೆ ತೀರ ವಿರುದ್ಧವಾದುದು. ಒಂದು ಗಾಲಿ ಮುಂದೆ, ಎರಡು ಹಿಂದೆ. ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಭಾರವು ಮುಂದಕ್ಕೂ ಹೊರಗಡೆಗೂ ಜರುಗುತ್ತದೆ. ಆಟೋದಲ್ಲಿ ಆ ಮೂಲೆಯಲ್ಲಿ ಆಧಾರಕ್ಕೆ ಗಾಲಿಯೇ ಇಲ್ಲ. ಮುಂದೆ ಎರಡು ಗಾಲಿಗಳುಳ್ಳ ವಾಹನದಲ್ಲಿ ಇದೆ. ಟಾಪು ತೆಗೆದು, ಆಸನ ತಗ್ಗಿಸಿ, ಬಣ್ಣ ಬಳಿದ ಮಾತ್ರಕ್ಕೆ ಈ ಲೆಕ್ಕ ಬದಲಾಗುವುದಿಲ್ಲ. ಟಾಪಿನ ಚೌಕಟ್ಟು ತೆಗೆದರೆ, ವಾಹನ ಮಗುಚಿದಾಗ ತಲೆಗೆ ಇದ್ದ ಅಲ್ಪ ರಕ್ಷಣೆಯೂ ಹೋಗುತ್ತದೆ. ಮೇಲೆ ಶಕ್ತಿಯುತ ಎಂಜಿನ್ ಕೂಡಿಸಿ ಬ್ರೇಕು ಮಾತ್ರ ಹಳೆಯದನ್ನೇ ಉಳಿಸಿದರೆ ನರಗುಂದದ ಮೂಲಕ ಹಾಯುವ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಲ್ಲಿ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿದ ನಮ್ಮ ಒಳರಸ್ತೆಗಳ ವಿಷಯವಂತೂ ಬೇರೆಯೇ.

ಎರಡನೆಯದು ಕಾನೂನು. ಇದನ್ನು ಗ್ಯಾರೇಜು ಮಾಲೀಕರು ವಿಶೇಷವಾಗಿ ಗಮನಿಸಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರಿದ 182ಎ ಕಲಮು, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆಮನೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ತಯಾರಕ ಮತ್ತು ‘ಡೀಲರ್’ಗೆ ಶಿಕ್ಷೆ ಇನ್ನೂ ಕಠಿಣ: ಒಂದು ವರ್ಷದವರೆಗೆ ಸೆರೆ ಅಥವಾ ವಾಹನವೊಂದಕ್ಕೆ ಒಂದು ಲಕ್ಷ ರೂಪಾಯಿ ಅಥವಾ ಎರಡೂ. ನಾವು ಡೀಲರರಲ್ಲ, ಬರಿ ಮಿಸ್ತ್ರಿಗಳು ಎಂದು ಸಮಾಧಾನಪಡುವವರಿಗೆ ಒಂದು ಮಾತು. ಕಾಯ್ದೆಯ ವ್ಯಾಖ್ಯೆಯಲ್ಲಿ, ಚಾಸಿಗೆ ಬಾಡಿ ಕಟ್ಟುವವನೂ ವಾಹನ ದುರಸ್ತಿ ಮಾಡುವವನೂ ‘ಡೀಲರ್’ ಪದದೊಳಗೇ ಬರುತ್ತಾರೆ.

ವಿಮೆಯ ಪ್ರಶ್ನೆಯೂ ಇದರೊಡನೆಯೇ ಇದೆ. ಮಾರ್ಪಾಡನ್ನು ತಿಳಿಸದೆ ಓಡಿಸಿದ ವಾಹನಕ್ಕೆ ಅಪಘಾತವಾದರೆ, ಸ್ವಂತ ಹಾನಿಯ ಪರಿಹಾರವನ್ನು ನಿರಾಕರಿಸಲು ವಿಮಾ ಕಂಪನಿಗೆ ನಾವೇ ಕಾರಣ ಒದಗಿಸಿದಂತೆ. ಹಳೆಯ ಟಂಟಂ ಇನ್ನೂ ಸರಕು ಸಾಗಿಸುತ್ತಿದ್ದರೆ ಸರಕಿನ ವರ್ತಕನೂ ಈ ತಾಪತ್ರಯದಲ್ಲಿ ಸಿಲುಕುತ್ತಾನೆ.

ಹಾಗಾದರೆ ಕೈಯಲ್ಲಿರುವ ಕಸುಬನ್ನು ಕಟ್ಟಿ ಮೂಲೆಗಿಡಬೇಕೇ? ಖಂಡಿತ ಬೇಡ. ಗುಜರಾತದ ಸೌರಾಷ್ಟ್ರದಲ್ಲಿ ಮೋಟಾರ್ ಸೈಕಲ್ಲಿನ ಮುಂಭಾಗಕ್ಕೆ ಹಿಂದೆ ಎರಡು ಗಾಲಿಯ ತೆರೆದ ಬಂಡಿ ಜೋಡಿಸಿದ ‘ಛಕಡೋ’ ಎಂಬ ವಾಹನ ದಶಕಗಳ ಕಾಲ ಜನರನ್ನೂ ಸರಕನ್ನೂ ಹೊತ್ತಿತು. ಅದೂ ಸಣ್ಣ ವರ್ಕ್‌ಶಾಪುಗಳ ಕೂಸು. ಅದರ ತಯಾರಿಕೆಯಿಂದ ಬೆಳೆದ ರಾಜಕೋಟ್‌ನ ಅತುಲ್ ಆಟೋ ಇಂದು ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ. ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿ ಅವರು ಬುಲೆಟ್ ಮೋಟಾರ್ ಸೈಕಲ್ಲಿನ ಹಿಂದಿನ ಗಾಲಿ ತೆಗೆದು, ಅಲ್ಲಿ ಎರಡು ಗಾಲಿಗಳನ್ನೂ ಉಳುಮೆಯ ಸಲಕರಣೆಯನ್ನೂ ಜೋಡಿಸಿ ‘ಬುಲೆಟ್ ಸಂತಿ’ಯನ್ನು ರೂಪಿಸಿದರು. ಅದಕ್ಕೆ ಅಮೆರಿಕದಲ್ಲಿಯೂ ಪೇಟೆಂಟ್ ದೊರೆಯಿತು. ಹೆಸರು, ಹತ್ತಿ, ಮೆಣಸಿನಕಾಯಿ ಬೆಳೆಯುವ, ಎಡೆ ಹೊಡೆಯಲು ಆಳು ಸಿಗದೆ ಪರದಾಡುವ ನಮ್ಮ ಮೂರು ತಾಲೂಕುಗಳಿಗೆ ಸ್ಲಿಂಗ್‌ಶಾಟ್‌ಗಿಂತ ಇದು ಹೆಚ್ಚು ಹತ್ತಿರದ ಮಾದರಿಯಲ್ಲವೇ? ಎಡೆಕುಂಟೆ ಜೋಡಿಸಿದ ಮೂರು ಗಾಲಿಯ ಯಂತ್ರವನ್ನು ಹೊಲದಲ್ಲಿ ನಡೆಸುವುದರಲ್ಲಿಯೂ ಸವಾರಿಯ ಸೊಗಸಿದೆ. ಆದರೆ ರಸ್ತೆಗೆ ಇಳಿದೊಡನೆ ಕಾಯ್ದೆ ಅನ್ವಯಿಸುತ್ತದೆಂಬುದನ್ನು ಗಿರಾಕಿಗೆ ಬರವಣಿಗೆಯಲ್ಲಿಯೇ ತಿಳಿಸಬೇಕು.

ಅದೇ ಪೋಲಾರಿಸ್ ಕಂಪನಿಯ ಇನ್ನೊಂದು ಕಥೆಯೂ ನಮಗೆ ಪಾಠ. ಐಷರ್ ಜೊತೆಗೂಡಿ 2015ರಲ್ಲಿ ಅದು ‘ಮಲ್ಟಿಕ್ಸ್’ ಎಂಬ ನಾಲ್ಕು ಗಾಲಿಯ ವಾಹನವನ್ನು ನಮ್ಮಂಥ ಸಣ್ಣ ವ್ಯಾಪಾರಸ್ಥರಿಗೆಂದೇ ತಂದಿತು. ಕುಟುಂಬದ ಪ್ರಯಾಣಕ್ಕೂ ಸರಕಿಗೂ ಆಗಬೇಕು, ಅಂಗಡಿಗೆ ವಿದ್ಯುತ್ತನ್ನೂ ಕೊಡಬೇಕು ಎಂಬ ಯೋಜನೆ. ಕಾಗದದ ಮೇಲೆ ಎಷ್ಟು ಚೆನ್ನ! 2018ರಲ್ಲಿ ಆ ಉದ್ಯಮ ಮುಚ್ಚಿತು. ದೊಡ್ಡವರೇ ನಿಲ್ಲಲಾಗದ ಕಡೆ, ಒಂದೊಂದೇ ವಾಹನ ಕತ್ತರಿಸಿ ಲಾಭ ಕಾಣುವೆನೆಂಬುವರು ಲೆಕ್ಕವನ್ನು ಎರಡು ಸಲ ಹಾಕುವುದು ಒಳ್ಳೆಯದು.

ಕಾನೂನಿನ ಒಳಗೇ ಇರುವ ಎರಡು ದಾರಿಗಳು ನನಗೆ ಕಾಣುತ್ತವೆ. ವಿಶೇಷಚೇತನರ ಬಳಕೆಗಾಗಿ ನೋಂದಣಿ ಪ್ರಾಧಿಕಾರದ ಒಪ್ಪಿಗೆ ಪಡೆದು ವಾಹನವನ್ನು ಮಾರ್ಪಡಿಸಲು 52ನೇ ಕಲಮಿನಲ್ಲಿಯೇ ಅವಕಾಶವಿದೆ. ಸ್ಕೂಟರಿಗೆ ಹೆಚ್ಚುವರಿ ಗಾಲಿ ಕೂಡಿಸುವ ಈ ಕೆಲಸವನ್ನು ಅಚ್ಚುಕಟ್ಟಾಗಿ, ಅನುಮೋದಿತ ಬಿಡಿಭಾಗಗಳಿಂದ ಮಾಡಿಕೊಡುವ ಗ್ಯಾರೇಜು ತಾಲೂಕಿಗೆ ಒಂದಾದರೂ ಇರಬೇಕು. ಇದು ನಿಂತ ಬೇಡಿಕೆ, ಪುಣ್ಯದ ಕೆಲಸವೂ ಹೌದು. ಇನ್ನೊಂದು, ಕಾರ್ಖಾನೆ ಅಥವಾ ಆವೃತ ಆವರಣದೊಳಗೆ ಮಾತ್ರ ಬಳಸಲೆಂದು ರೂಪಿಸಿದ ವಿಶೇಷ ವಾಹನವನ್ನು ಕಾಯ್ದೆಯು ‘ಮೋಟಾರು ವಾಹನ’ವೆಂದೇ ಪರಿಗಣಿಸುವುದಿಲ್ಲ. ಅರಳೆ ಗಿರಣಿಯ ಅಂಗಳದಲ್ಲಿ ಅಂಡಿಗೆ ಸಾಗಿಸುವ ತೆರೆದ ಮೂರು ಗಾಲಿಯ ಗಾಡಿ ಯಾಕಾಗಬಾರದು? ಸವಾರಿಯ ಹವ್ಯಾಸವಿರುವ ತರುಣರಿಗೂ ಬೇಲಿ ಹಾಕಿದ ಮೈದಾನವೇ ಯೋಗ್ಯ ಸ್ಥಳ. ಮುಂದೆ ಎರಡು ಗಾಲಿ, ತಗ್ಗಾದ ಆಸನ, ಉರುಳಿದರೆ ತಡೆಯುವ ಕಮಾನು, ಸೀಟ್ ಬೆಲ್ಟ್, ಹೆಲ್ಮೆಟ್ ಇವಿಷ್ಟೂ ಇರಲೇಬೇಕು.

ರಸ್ತೆಯ ಮೇಲೆಯೇ ಓಡುವ ಹೊಸ ಮೂರು ಗಾಲಿಯ ವಾಹನ ತಯಾರಿಸುವ ಹಂಬಲವುಳ್ಳವರಿಗೆ ಪುಣೆಯ ಎಆರ್‌ಎಐನಂತಹ ಸಂಸ್ಥೆಯಲ್ಲಿ ಮಾದರಿಯ ಪರೀಕ್ಷೆ ಅನಿವಾರ್ಯ. ಅದರ ವೆಚ್ಚ ಒಂಟಿ ಗ್ಯಾರೇಜಿನವರಿಗೆ ಎಟುಕದು. ಹತ್ತು ಜನ ಕೂಡಿ ಸಹಕಾರಿ ತತ್ತ್ವದ ಮೇಲೆ ಮಾಡಬಹುದು. ಹುಬ್ಬಳ್ಳಿಯ ಎಂಜಿನಿಯರಿಂಗ್ ಅಧ್ಯಾಪಕರ ನೆರವನ್ನೂ ಕೋರಬಹುದು.

ಈ ಕಾರಣದಿಂದ ನಮ್ಮ ವಾಣಿಜ್ಯೋದ್ಯಮ ಸಂಸ್ಥೆಯು ಗದಗಿನ ಪ್ರಾದೇಶಿಕ ಸಾರಿಗೆ ಕಚೇರಿಯ ಅಧಿಕಾರಿಗಳನ್ನೂ ವಿಮಾ ಕಂಪನಿಗಳ ಪ್ರತಿನಿಧಿಗಳನ್ನೂ ಆಹ್ವಾನಿಸಿ, ಮೂರೂ ತಾಲೂಕುಗಳ ಗ್ಯಾರೇಜು, ಲೇತ್ ಮತ್ತು ವೆಲ್ಡಿಂಗ್ ಉದ್ಯಮಿಗಳ ಸಭೆಯೊಂದನ್ನು ಗಜೇಂದ್ರಗಡದಲ್ಲಿ ಏರ್ಪಡಿಸಬೇಕೆಂದು ವಿನಂತಿಸುತ್ತೇನೆ. ಯಾವ ಮಾರ್ಪಾಡಿಗೆ ಅನುಮತಿ ಇದೆ, ಯಾವುದಕ್ಕಿಲ್ಲ, ಅರ್ಜಿ ಯಾವ ನಮೂನೆಯಲ್ಲಿ ಎಂಬುದನ್ನು ಕನ್ನಡದಲ್ಲಿ ಮುದ್ರಿಸಿ ಪ್ರತಿ ಗ್ಯಾರೇಜಿನಲ್ಲಿ ತೂಗುಹಾಕಿದರೆ ಅರ್ಧ ಕೆಲಸ ಆದಂತೆ. ಸಭೆ ಉಳ್ಳಾಗಡ್ಡಿ ಹಂಗಾಮಿಗೆ ಮೊದಲೇ ನಡೆಯಲಿ. ಆಮೇಲೆ ಗ್ಯಾರೇಜಿನವರು ಕೈಗೆ ಸಿಗುವುದಿಲ್ಲ.