ಮಾತಿಲ್ಲದ ಬಂದಿನಿಯರು

ಕಳೆದ ವಾರ ತರಗತಿಯಲ್ಲಿ ಆತ್ಮಚರಿತ್ರೆಯ ಪಾಠ ನಡೆಯುತ್ತಿದ್ದಾಗ ಸೆರೆಮನೆಯಲ್ಲಿ ಹುಟ್ಟಿದ ಸಾಹಿತ್ಯದ ಮಾತು ಸಹಜವಾಗಿಯೇ ಬಂದಿತು. ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ನಮ್ಮ ನಾಯಕರು ಕಾರಾಗೃಹವನ್ನೇ ವಾಚನಾಲಯವನ್ನಾಗಿ ಮಾಡಿಕೊಂಡು ಗ್ರಂಥಗಳನ್ನು ಬರೆದುದನ್ನು ನಾನು ವಿಸ್ತಾರವಾಗಿ ಹೇಳುತ್ತಿದ್ದೆ. ಆಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಹೊಟ್ಟೆಪಾಡಿಗೆ ಕದ್ದು ಜೈಲು ಸೇರಿದ ಹೆಂಗಸರು ಯಾರೂ ಏನೂ ಬರೆಯಲಿಲ್ಲವೆ?” ಎಂದು ಕೇಳಿದಳು. ತತ್‌ಕ್ಷಣ ಉತ್ತರ ಹೊಳೆಯಲಿಲ್ಲ. ಗಂಟೆ ಬಾರಿಸಿದ್ದು ನನ್ನ ಪುಣ್ಯವೆಂದೇ ಹೇಳಬೇಕು.

ಮನೆಗೆ ಬಂದ ಮೇಲೆ ಆ ಪ್ರಶ್ನೆ ಬಿಡಲಿಲ್ಲ. ನಾವು ಬಹುವಾಗಿ ಓದುವ, ಓದಿಸುವ ವಿಕ್ಟೋರಿಯಾ ಯುಗದ ಇಂಗ್ಲೆಂಡಿನ ವಿಷಯದಲ್ಲಾದರೂ ಇದಕ್ಕೆ ಉತ್ತರವಿದೆಯೆ ಎಂದು ನೋಡತೊಡಗಿದೆ. 1837ರಿಂದ 1901ರ ವರೆಗಿನ ಆ ದೀರ್ಘ ಆಳ್ವಿಕೆಯಲ್ಲಿ ಸೆರೆಮನೆಗಳನ್ನು ಕುರಿತು ಬರೆದವರಿಗೇನೂ ಕೊರತೆಯಿಲ್ಲ. ಪಾರ್ಲಿಮೆಂಟಿನ ಸಮಿತಿಗಳು ಬರೆದವು, ಪಾದ್ರಿಗಳು ಬರೆದರು, ಜೈಲಿನ ಅಧಿಕಾರಿಗಳು, ವೈದ್ಯರು, ಪತ್ರಿಕೋದ್ಯೋಗಿಗಳು ಬರೆದರು, ಕಾದಂಬರಿಕಾರರಂತೂ ಬರೆದೇ ಬರೆದರು. ಬರೆಯದೆ ಉಳಿದವರೆಂದರೆ ಒಳಗಿದ್ದ ಹೆಂಗಸರು. ಅವರಲ್ಲಿ ಬಹುಪಾಲು ಕಡುಬಡವರು. ಸಣ್ಣ ಕಳವು, ಕುಡಿತ, ಬೀದಿಯ ರಂಪ ಇವೇ ಅವರ ಅಪರಾಧಗಳು.

ಅಕ್ಷರ ಬಾರದುದೊಂದೇ ಇದಕ್ಕೆ ಕಾರಣವೆಂದರೆ ಅರ್ಧಸತ್ಯವಾದೀತು. ಆ ಕಾಲದ ಸೆರೆಮನೆಯ ಮೂಲಸೂತ್ರವೇ ಮೌನ. ಒಂದು ಪದ್ಧತಿಯಲ್ಲಿ ಬಂದಿಯನ್ನು ಹಗಲಿರುಳೂ ಒಂಟಿ ಕೋಣೆಯಲ್ಲಿಡುತ್ತಿದ್ದರು. ಇನ್ನೊಂದರಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ದುಡಿಸಿದರೂ ಒಬ್ಬರೊಡನೊಬ್ಬರು ಒಂದು ಮಾತನ್ನೂ ಆಡಗೊಡುತ್ತಿರಲಿಲ್ಲ. ಲಂಡನ್ನಿನ ಟಾಟ್‌ಹಿಲ್ ಫೀಲ್ಡ್ಸ್ ಸೆರೆಮನೆಯನ್ನು 1850ರಿಂದ ಹೆಂಗಸರಿಗೂ ಹುಡುಗರಿಗೂ ಮೀಸಲಿಟ್ಟರಷ್ಟೆ. ಅಲ್ಲಿ ನಡೆದದ್ದು ಈ ಎರಡನೆಯ ಪದ್ಧತಿ. ನೂರಾರು ಹೆಂಗಸರು ಸಾಲಾಗಿ ಕುಳಿತು ಹಡಗಿನ ಹಳೆಯ ಹಗ್ಗವನ್ನು ಬಿಚ್ಚಿ ನಾರು ನಾರಾಗಿ ಬಿಡಿಸುತ್ತಿದ್ದರು, ಮಾತಿಲ್ಲದೆ. ಹೆನ್ರಿ ಮೇಹ್ಯೂ ಮತ್ತು ಜಾನ್ ಬಿನ್ನಿ 1862ರಲ್ಲಿ ಪ್ರಕಟಿಸಿದ ಲಂಡನ್ ಸೆರೆಮನೆಗಳ ಬೃಹದ್ಗ್ರಂಥದಲ್ಲಿ ಈ ನೋಟಗಳಿವೆ. ಅದರಲ್ಲಿಯ ಒಂದು ಚಿತ್ರ ನನ್ನ ಕಣ್ಣಿನಿಂದ ಇನ್ನೂ ಮರೆಯಾಗಿಲ್ಲ: ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಟಾಟ್‌ಹಿಲ್ ಫೀಲ್ಡ್ಸಿನ ಅಂಗಳದಲ್ಲಿ ಒಬ್ಬರ ಹಿಂದೊಬ್ಬರು ಸುತ್ತುತ್ತಿದ್ದಾರೆ, ಅದೇ ಅವರ ವ್ಯಾಯಾಮ.

ಇನ್ನು ದೀರ್ಘ ಶಿಕ್ಷೆಯವರ ಮಾತು. ಮೊದಲು ಅವರನ್ನು ಸಮುದ್ರದಾಚೆಗೆ ಗಡೀಪಾರು ಮಾಡುತ್ತಿದ್ದರು. ಹೀಗೆ ಬ್ರಿಟನ್ ಮತ್ತು ಐರ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೋದ ಹೆಂಗಸರು ಸುಮಾರು 25,000 ಮಂದಿ. ಇಂದು ಟಾಸ್ಮೇನಿಯ ಎನಿಸಿಕೊಂಡಿರುವ ದ್ವೀಪಕ್ಕೆ ಕಳಿಸುವುದು 1853ರಲ್ಲಿ ನಿಂತುಹೋದಾಗ, ಅದೇ ವರ್ಷ ಬ್ರಿಕ್ಸ್‌ಟನ್ ಸೆರೆಮನೆಯನ್ನು ಅಂತಹ ಹೆಂಗಸರಿಗೆಂದೇ ತೆರೆದರು. 1869ರಲ್ಲಿ ಆ ಸ್ಥಾನ ವೋಕಿಂಗಿಗೆ ಹೋಯಿತು. ಒಳಹೊಕ್ಕ ಬಂದಿನಿ ಮೊದಲು ತಿಂಗಳುಗಟ್ಟಲೆ ಒಂಟಿ ಕೋಣೆಯಲ್ಲಿರಬೇಕು. ಆಮೇಲೆ ಇತರರೊಡನೆ ಕೆಲಸ. ನಡತೆ ಒಳ್ಳೆಯದೆಂದು ಕಂಡರೆ ಕೊನೆಕೊನೆಗೆ ಅಷ್ಟಿಷ್ಟು ಮಾತಿಗೆ ಅಪ್ಪಣೆ. ಮಾತೆಂಬುದು ಹುಟ್ಟಿನಿಂದ ಬಂದ ಹಕ್ಕಲ್ಲ, ದುಡಿದು ಗಳಿಸಬೇಕಾದ ಬಹುಮಾನ! ಹೊಲಿಗೆ, ಅಡಿಗೆ, ಒಗೆತ ಇವು ದಿನದ ದುಡಿಮೆ. ಬೇರೆ ಸೆರೆಮನೆಗಳ ಕೊಳೆ ಬಟ್ಟೆಯೂ ಇವರ ಒಗೆಯುವ ಕೊಟ್ಟಿಗೆಗೇ ಬರುತ್ತಿತ್ತು. ಗಂಡಸು ತಪ್ಪು ಮಾಡಿದರೆ ಅಪರಾಧಿ. ಹೆಂಗಸು ತಪ್ಪು ಮಾಡಿದರೆ ಅಪರಾಧಿಯೂ ಹೌದು, ಹೆಣ್ತನದಿಂದ ಜಾರಿದವಳೂ ಹೌದು ಎಂಬ ಆ ಕಾಲದ ತೀರ್ಪು ಈ ಎಲ್ಲ ಕಟ್ಟಳೆಗಳ ಹಿಂದೆ ಇತ್ತು.

ಸೆರೆಮನೆಯೊಳಗಿನ ಹೆಂಗಸರ ಬಾಳನ್ನು ಹತ್ತಿರದಿಂದ ಕಂಡು ಬರೆದದ್ದೆಂದು ಆಗ ಹೆಸರಾದ ಪುಸ್ತಕವೊಂದಿದೆ. ‘ಫೀಮೇಲ್ ಲೈಫ್ ಇನ್ ಪ್ರಿಸನ್’ ಎಂದು ಅದರ ಹೆಸರು, 1862ರಲ್ಲಿ ಹೊರಬಂದಿತು. ಲೇಖಕರ ಹೆಸರಿನ ಜಾಗದಲ್ಲಿ ‘ಒಬ್ಬ ಸೆರೆಮನೆಯ ಮೇಟ್ರನ್’ ಎಂದಷ್ಟೇ ಇತ್ತು. ಪ್ರವೇಶದ ದಿನ ತಲೆಗೂದಲನ್ನು ಕತ್ತರಿಸುವಾಗಿನ ಗೋಳು, ಇದ್ದಕ್ಕಿದ್ದಂತೆ ಬಂದಿನಿ ರೊಚ್ಚಿಗೆದ್ದು ಕಿಟಕಿಯ ಗಾಜನ್ನು ಒಡೆದು ಹಾಸಿಗೆಯನ್ನು ಹರಿದು ಚಿಂದಿಮಾಡುವ ಆರ್ಭಟ, ಅದಕ್ಕಾಗಿ ಕತ್ತಲೆಕೋಣೆಯ ಶಿಕ್ಷೆ, ಎಲ್ಲವೂ ಅದರಲ್ಲಿ ಕಣ್ಣಿಗೆ ಕಟ್ಟುವಂತೆ ಬಂದಿವೆ. ಓದುಗರು ನಂಬಿದರು. ಬಹುಕಾಲ ಅದನ್ನು ಪ್ರತ್ಯಕ್ಷ ಸಾಕ್ಷ್ಯವೆಂದೇ ಎಣಿಸಿದರು. ವಾಸ್ತವವಾಗಿ ಅದನ್ನು ಬರೆದವನು ಫ್ರೆಡರಿಕ್ ವಿಲಿಯಮ್ ರಾಬಿನ್‌ಸನ್ ಎಂಬ ವೃತ್ತಿಪರ ಕಾದಂಬರಿಕಾರ. ಆ ಮೇಟ್ರನ್ ಎಂಬಾಕೆ ಅವನ ಲೇಖನಿಯ ತುದಿಯಲ್ಲಿ ಹುಟ್ಟಿದವಳು. 1864ರಲ್ಲಿ ಅದೇ ಮೇಟ್ರನ್ನಳ ಹೆಸರಿನಲ್ಲಿ ಜೇನ್ ಕ್ಯಾಮೆರನ್ ಎಂಬ ಬಂದಿನಿಯ ‘ಸ್ಮೃತಿ’ಗಳೂ ಹೊರಬಂದವು.

ಅವನು ಬರೆದುದೆಲ್ಲ ಕಟ್ಟುಕಥೆಯೆಂದು ತಳ್ಳಿಹಾಕುವಂತಿಲ್ಲ. ಗಾಜು ಒಡೆದದ್ದು, ಬಟ್ಟೆ ಹರಿದದ್ದು ಬೇರೆ ದಾಖಲೆಗಳಲ್ಲಿಯೂ ಇದೆ. ಆದರೆ ಆ ರೊಚ್ಚನ್ನು ಅವನೂ ಅಧಿಕಾರಿಗಳೂ ಹೆಣ್ಣಿನ ಚಂಚಲ ಸ್ವಭಾವಕ್ಕೆ ಕಟ್ಟಿ ಸುಮ್ಮನಾದರು. ತಿಂಗಳುಗಟ್ಟಲೆ ಬಾಯಿ ಕಟ್ಟಿಸಿಕೊಂಡವಳಿಗೆ ಗಾಜಿನ ಸದ್ದೇ ಮಾತಾಗಿದ್ದಿರಬಹುದೆಂದು ನನಗನ್ನಿಸುತ್ತದೆ. ಹೀಗನ್ನುವಾಗ ನಾನೂ ಅವರ ಬಾಯಿಗೆ ನನ್ನ ಮಾತನ್ನು ಇಡುತ್ತಿದ್ದೇನೆಯೆ ಎಂಬ ಸಂಕೋಚವೂ ಉಂಟು.

ಡಿಕನ್ಸ್ ಮಹಾಶಯನ ಸಂಗತಿ ಇನ್ನೂ ಸೂಕ್ಷ್ಮವಾದದ್ದು. ಶ್ರೀಮಂತ ಮಹಿಳೆ ಆಂಜೆಲಾ ಬರ್ಡೆಟ್ ಕೂಟ್ಸ್ ಅವರ ಹಣದಿಂದ ಅವನು 1847ರಲ್ಲಿ ಲಂಡನ್ನಿನ ಶೆಪರ್ಡ್ಸ್ ಬುಷ್‌ನಲ್ಲಿ ‘ಯುರೇನಿಯ ಕಾಟೇಜ್’ ಎಂಬ ಆಶ್ರಯವನ್ನು ತೆರೆದನು. ಸೆರೆಮನೆಯಿಂದಲೂ ಬೀದಿಯಿಂದಲೂ ಬಂದ ತರುಣಿಯರಿಗೆ ಮನೆವಾರ್ತೆ ಕಲಿಸಿ ವಸಾಹತುಗಳಿಗೆ ಹೊಸ ಬಾಳಿಗೆ ಕಳಿಸುವುದು ಅದರ ಉದ್ದೇಶ. ಅವರು ಮಂಕು ಬಣ್ಣದ ಸಮವಸ್ತ್ರ ತೊಡಕೂಡದು, ಗೆಲುವಾದ ಬಣ್ಣದ ಉಡುಪನ್ನೇ ತೊಡಬೇಕೆಂದು ಅವನು ಹಟ ಹಿಡಿದನಂತೆ. ಮನುಷ್ಯ ಹೃದಯವನ್ನು ಬಲ್ಲವನು. ಬಂದ ಪ್ರತಿಯೊಬ್ಬ ಹುಡುಗಿಯ ಕಥೆಯನ್ನೂ ಆತ ತಾನೇ ಕೇಳಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಒಮ್ಮೆ ಹೇಳಿಯಾದ ಮೇಲೆ ಅವಳು ಆ ಹಿಂದಿನ ಕಥೆಯನ್ನು ಬೇರೆ ಯಾರೊಡನೆಯೂ ಎತ್ತಕೂಡದು. ಗತವನ್ನು ಮರೆತು ಮುಂದೆ ನಡೆಯಲಿ ಎಂಬ ಕರುಣೆಯೇ ಈ ನಿಯಮಕ್ಕೆ ಕಾರಣ, ಅದರಲ್ಲಿ ಸಂಶಯವಿಲ್ಲ. ಆದರೆ ಫಲವೇನಾಯಿತು? ಆ ಪುಸ್ತಕ ಎಲ್ಲಿ ಹೋಯಿತೋ, ಇಂದಿಗೂ ಸಿಕ್ಕಿಲ್ಲ. ಅದರೊಡನೆ ಆ ಕಥೆಗಳೂ ಹೋದವು.

ಹಾಗಾದರೆ ತಾನೇ ಬರೆದವಳು ಒಬ್ಬಳೂ ಇಲ್ಲವೆ ಎಂದರೆ, ಇದ್ದಾರೆ. ಅವರು ಬೇರೆ ವರ್ಗದವರು. ಫ್ಲಾರೆನ್ಸ್ ಮೇಬ್ರಿಕ್ ಎಂಬ ಅಮೆರಿಕದ ಮಹಿಳೆ ಪತಿಗೆ ವಿಷವಿಕ್ಕಿದಳೆಂದು 1889ರಲ್ಲಿ ಲಿವರ್‌ಪೂಲಿನಲ್ಲಿ ಮರಣದಂಡನೆಗೆ ಗುರಿಯಾದಳು. ತೀರ್ಪಿನ ಗದ್ದುಗೆಯಲ್ಲಿ ಕುಳಿತಿದ್ದವನು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ನಮ್ಮ ಕಾನೂನು ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. 2024ರ ವರೆಗೆ ನಮ್ಮ ನ್ಯಾಯಾಲಯಗಳನ್ನು ಆಳಿದ 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರಚಿಸಿದವನು ಆತನೇ. ಸಾಕ್ಷ್ಯವೆಂದರೇನೆಂದು ಒಂದು ಖಂಡಕ್ಕೇ ಸೂತ್ರ ಬರೆದುಕೊಟ್ಟ ಆ ಮನುಷ್ಯ, ಜೂರಿಯ ಮುಂದೆ ವಿಷದ ಸಾಕ್ಷ್ಯಕ್ಕಿಂತ ಆಕೆಯ ಪರಪುರುಷ ಸಂಬಂಧವನ್ನೇ ದೊಡ್ಡದು ಮಾಡಿದನೆಂಬ ಆಕ್ಷೇಪ ಆಗಲೇ ಎದ್ದಿತು. ಮರಣದಂಡನೆ ಜೀವಾವಧಿಯಾಯಿತು. ವೋಕಿಂಗಿನಲ್ಲಿ ಒಂಟಿ ಕೋಣೆ, ಅದು ಮುಚ್ಚಿದ ಮೇಲೆ ಏಲ್ಸ್‌ಬರಿ, ಕೊನೆಗೆ 1904ರಲ್ಲಿ ಬಿಡುಗಡೆ. ಕಳೆದುಹೋದ ಆ ಹದಿನೈದು ವರ್ಷಗಳ ಕಥೆಯನ್ನು ಆಕೆ ಪುಸ್ತಕವಾಗಿ ಬರೆದಳು. ವಿದ್ಯಾವಂತೆ, ಹೆಸರು ಬಲ್ಲವರುಂಟು, ಪ್ರಕಾಶಕರುಂಟು, ಬರೆದಳು. ಪಕ್ಕದ ಕೋಣೆಯಲ್ಲಿದ್ದವಳ ಕಥೆ?

ಆಕೆಯೂ ಏನನ್ನೋ ಬಿಟ್ಟುಹೋಗಿದ್ದಾಳೆ, ಕಾಗದದ ಮೇಲಲ್ಲ. 1841ರ ಏಪ್ರಿಲಿನಲ್ಲಿ ‘ರಾಜಾ’ ಎಂಬ ಹಡಗು 180 ಮಂದಿ ಬಂದಿನಿಯರನ್ನು ಹೊತ್ತು ಇಂಗ್ಲೆಂಡಿನಿಂದ ಹೊರಟು ಜುಲೈಯಲ್ಲಿ ಹೋಬಾರ್ಟ್ ಮುಟ್ಟಿತು. ಎಲಿಜಬೆತ್ ಫ್ರೈ ಎಂಬ ಪುಣ್ಯವತಿ ಕಟ್ಟಿದ ಮಹಿಳಾ ಸಂಘದವರು ಅವರಿಗೆ ಸೂಜಿ, ನೂಲು, ಬಟ್ಟೆಯ ತುಂಡುಗಳನ್ನು ಕೊಟ್ಟಿದ್ದರು. ದಾರಿಯಲ್ಲಿ ಆ ಹೆಂಗಸರು 2,815 ತುಂಡುಗಳನ್ನು ಜೋಡಿಸಿ ಒಂದು ದೊಡ್ಡ ಕೌದಿಯನ್ನು ಹೊಲಿದರು. ಬೆಳಗಾವಿ, ಧಾರವಾಡದ ಕಡೆಯ ಓದುಗರಿಗೆ ಕೌದಿಯೆಂದರೇನೆಂದು ಹೇಳಬೇಕಾಗಿಲ್ಲ. ಅದರ ಅಂಚಿನಲ್ಲಿ ದಾರದಿಂದ ಬರೆದ ಅಕ್ಷರಗಳೂ ಇವೆ. ಆದರೆ ಅವು ಬಟ್ಟೆ ಕೊಟ್ಟ ದೊಡ್ಡ ಮನೆಯ ಹೆಂಗಸರಿಗೆ ಸಲ್ಲಿಸಿದ ಕೃತಜ್ಞತೆ, ಹೊಲಿದವರ ಒಂದು ಹೆಸರೂ ಅಲ್ಲಿಲ್ಲ. ಆ ಕೌದಿ ಕಳೆದೇ ಹೋಗಿತ್ತು. 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಮತ್ತೆ ಕಣ್ಣಿಗೆ ಬಿದ್ದು, ಈಗ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಯಲ್ಲಿದೆ.

ಆನಿ ಪಾರ್ಕರ್ ಎಂಬವಳು ಇನ್ನೊಬ್ಬಳು. ಕುಡಿತಕ್ಕಾಗಿ ನಾನೂರಕ್ಕೂ ಹೆಚ್ಚು ಬಾರಿ ಸಿಕ್ಕಿಬಿದ್ದವಳು. ಬಾಳಿನ ಬಹುಭಾಗವನ್ನು ಸೆರೆಮನೆಯಲ್ಲೇ ಕಳೆದಳು. ದಾರದ ಬದಲು ತನ್ನ ತಲೆಗೂದಲನ್ನೇ ಸೂಜಿಗೆ ಪೋಣಿಸಿ ಕಸೂತಿ ಹಾಕಿದಳು. ಅವಳ ಕೆಲಸ ಸ್ಕಾಟ್ಲೆಂಡ್ ಯಾರ್ಡಿನ ಪೊಲೀಸರ ವಸ್ತುಸಂಗ್ರಹದಲ್ಲಿ ಕೊಲೆಗಾರರ ಆಯುಧಗಳ ನಡುವೆ ಸೇರಿಕೊಂಡಿದೆ. ದೀರ್ಘಶಿಕ್ಷೆಯವರ ಕೂದಲನ್ನು ಕತ್ತರಿಸಿ ಎಸೆಯುತ್ತಿದ್ದ ವ್ಯವಸ್ಥೆಯಲ್ಲಿ ಒಬ್ಬಳು ತನ್ನ ಕೂದಲನ್ನು ಹೀಗೆ ಉಳಿಸಿದಳು.

ಇವನ್ನು ಸಾಹಿತ್ಯವೆನ್ನಬಹುದೆ ಎಂದು ವಿದ್ವಾಂಸರು ಹುಬ್ಬೇರಿಸಿಯಾರು. ನಾನೂ ಆ ಹಟಕ್ಕೆ ಬೀಳುವುದಿಲ್ಲ. ಆದರೆ ವಿಕ್ಟೋರಿಯಾ ಯುಗದ ಕಾದಂಬರಿಯನ್ನು ಪಾಠ ಹೇಳುವ ಅಧ್ಯಾಪಕರಲ್ಲಿ ಒಂದು ವಿನಂತಿ ಮಾಡಬಹುದು. ‘ಆಡಮ್ ಬೀಡ್’ನ ಹೆಟ್ಟಿ ಸೆರೆಮನೆಯಲ್ಲಿ ಕುಳಿತ ಅಧ್ಯಾಯ ಬಂದಾಗ, ಜಾರ್ಜ್ ಎಲಿಯಟ್ಟಳ ಕರುಣೆಯನ್ನು ಕೊಂಡಾಡಿದ ಮೇಲೆ, ರಾಬಿನ್‌ಸನ್ನನ ಸುಳ್ಳು ಮೇಟ್ರನ್ನಳನ್ನೂ ಡಿಕನ್ಸನ ಕಳೆದುಹೋದ ಪುಸ್ತಕವನ್ನೂ ವಿದ್ಯಾರ್ಥಿಗಳ ಮುಂದಿಡಬೇಕು; ಇಲ್ಲಿ ಮಾತಾಡುತ್ತಿರುವವರು ಯಾರು, ಯಾರ ಪರವಾಗಿ, ಯಾರ ಅಪ್ಪಣೆಯಿಂದ ಎಂದು ಅವರೇ ಕೇಳಲಿ. ಲಂಡನ್ನಿನ ರಾಷ್ಟ್ರೀಯ ದಾಖಲಾಲಯದಲ್ಲಿ ಆ ಬಂದಿನಿಯರ ಬಿಡುಗಡೆಯ ಕಡತಗಳಿವೆ. ಅರ್ಜಿಗಳೂ, ಕೆಲವರ ಛಾಯಾಚಿತ್ರಗಳೂ ಇವೆ. ಇವುಗಳಲ್ಲಿ ಎಷ್ಟನ್ನೋ ಈಗ ಮನೆಯಲ್ಲಿ ಕುಳಿತೇ ಗಣಕಯಂತ್ರದಲ್ಲಿ ನೋಡಬಹುದು. ಅರ್ಜಿಯ ಭಾಷೆ ಅಂಜುತ್ತ ಬೇಡುವ ಭಾಷೆ, ನಿಜ. ಅದನ್ನೂ ಓದಲು ಕಲಿಯಬೇಕು.

ಮುಂದಿನ ತರಗತಿಯಲ್ಲಿ ಆ ವಿದ್ಯಾರ್ಥಿನಿಗೆ ಇಷ್ಟನ್ನು ಹೇಳಿದೆ. ವೋಕಿಂಗಿನ ಸಂಗತಿಯನ್ನೂ ಹೇಳಿದೆ. ಅಲ್ಲಿಯ ಹೆಂಗಸರಿಂದ ಅಮೃತಶಿಲೆಯ ಚೂರುಗಳನ್ನು ಜೋಡಿಸಿ ನೆಲಹಾಸು ಮಾಡಿಸುತ್ತಿದ್ದರು. ಸೌತ್ ಕೆನ್ಸಿಂಗ್‌ಟನ್ ವಸ್ತುಸಂಗ್ರಹಾಲಯದ ಹೆನ್ರಿ ಕೋಲ್ ಅದಕ್ಕೆ ‘ಒಪಸ್ ಕ್ರಿಮಿನಾಲೆ’, ಎಂದರೆ ಅಪರಾಧಿಗಳ ಕಲೆ, ಎಂದು ಲ್ಯಾಟಿನ್ನಿನಲ್ಲಿ ವಿನೋದದ ಹೆಸರಿಟ್ಟನು. ಸಂತ ಪಾಲನ ಮಹಾದೇವಾಲಯದ ನೆಲಮಾಳಿಗೆಯಲ್ಲಿ ಆ ಹಾಸು ಇದೆ. ಲಂಡನ್ನಿನ ಬೆತ್ನಲ್ ಗ್ರೀನಿನಲ್ಲಿ 1872ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿಯೂ ಇದೆ. ಅದು ಈಗ ಮಕ್ಕಳ ವಸ್ತುಸಂಗ್ರಹಾಲಯ. ಮೀನಿನ ಹುರುಪೆಯಂತೆ ಜೋಡಿಸಿದ ಆ ಕಲ್ಲುಗಳ ಮೇಲೆ ದಿನವೂ ಮಕ್ಕಳು ಓಡಾಡುತ್ತಾರೆ.