ಈ ಆಯಿ ಹೆಸರೇನ್ರಿ ಅಣ್ಣಾ?

ಹೋದ ಫೆಸ್ಟ್‌ನಲ್ಲಿ ನಾವು ಮಾಡಿದ ಫೋಟೋ ಪ್ರದರ್ಶನ ನೋಡಿದ್ರಲ್ಲ? ಬಾಗಿಲ ಹತ್ತಿರವೇ ದೊಡ್ಡದೊಂದು ಪೋರ್ಟ್ರೇಟ್ ಹಾಕಿದ್ವಿ. ಖಾನಾಪುರ ಕಡೆ ಟ್ರೆಕ್‌ಗೆ ಹೋದಾಗ ತೆಗೆದ ಸಿದ್ದಿ ಅಜ್ಜಿಯ ಮುಖ. ಕೆಳಗೆ 'ಆಫ್ರಿಕನ್ ಬ್ಯೂಟಿ' ಅಂತ ಬರೆದಿದ್ವಿ. ಎಲ್ಲರೂ ಸೂಪರ್ ಅಂದ್ರು. ಒಬ್ಬ ಜೂನಿಯರ್ ಮಾತ್ರ ಕೇಳಿದ: "ಈ ಆಯಿ ಹೆಸರೇನ್ರಿ ಅಣ್ಣಾ?"

ನಮಗೆ ಗೊತ್ತಿರಲಿಲ್ಲ. ಲೆನ್ಸ್, ಅಪರ್ಚರ್ ಎಲ್ಲ ಬರೆದಿದ್ವಿ, ಹೆಸರೇ ಕೇಳಿರಲಿಲ್ಲ.

ಸಿದ್ದಿಗಳ ಪೂರ್ವಜರು ಆಫ್ರಿಕಾದವರು, ನಿಜ. ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ನಮ್ಮ ಘಟ್ಟದ ಕಾಡು ಸೇರಿದರು. ಅದು ಶತಮಾನಗಳ ಹಿಂದಿನ ಮಾತು. ಆ ಅಜ್ಜಿ ನಮ್ಮ ಜೊತೆ ಮಾತಾಡಿದ್ದು ಕನ್ನಡದಲ್ಲೇ. ಆದರೂ ನಮ್ಮ ಕಣ್ಣಿಗೆ ಅವರು ಹೊರಗಿನವರು. ಸರ್ಕಾರದ ಕಣ್ಣೂ ತಡವಾಗೇ ತೆರೆಯಿತು: ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ, ಬೆಳಗಾವಿ, ಧಾರವಾಡದವರು 2020ರಲ್ಲಿ.

ಹಿಂದಿನವರು ನಮಗಿಂತ ವಾಸಿ. 17ನೇ ಶತಮಾನದಲ್ಲಿ ಬಿಜಾಪುರದ ಚಿತ್ರಕಾರರು ಹಬ್ಶಿ ಮೂಲದ ಮಂತ್ರಿ ಇಖ್ಲಾಸ್ ಖಾನನನ್ನು ಸುಲ್ತಾನ ಮುಹಮ್ಮದ್ ಆದಿಲ್ ಶಾಹನ ಜೊತೆ ಒಂದೇ ಆನೆ ಮೇಲೆ ಕೂರಿಸಿ ಬರೆದರು. ಅವನ ಹೆಸರು ಇವತ್ತಿಗೂ ಉಳಿದಿದೆ.

ಮಂತ್ರಿ ಅಂದಮೇಲೆ ಹೆಸರು ಉಳಿಯುತ್ತೆ ಬಿಡಿ, ಸಾಮಾನ್ಯರದು? ಅಮೆರಿಕದ ಕಪ್ಪು ಕಲಾವಿದ ಕೆಹಿಂಡೆ ವೈಲಿಯನ್ನು ನೋಡಿ. 2018ರಲ್ಲಿ ಅನಾವರಣವಾದ ಒಬಾಮಾ ಅವರ ಪೋರ್ಟ್ರೇಟ್ ಅವರದೇ. ಅದಕ್ಕೂ ಮೊದಲು ಅವರು ಬೀದಿಯಲ್ಲಿ ಹೋಗೋ ಹುಡುಗರನ್ನ ನಿಲ್ಲಿಸಿ, ಹಳೇ ಯುರೋಪಿನ ರಾಜರ ಚಿತ್ರಗಳನ್ನ ತೋರಿಸಿ, "ಯಾವ ಭಂಗಿ ಬೇಕು, ನೀವೇ ಆರಿಸಿ" ಅಂತಿದ್ರು. ನಾವು ಅಜ್ಜಿಗೆ "ಸ್ವಲ್ಪ ಈ ಕಡೆ ನೋಡಿ" ಅಂದಿದ್ದಷ್ಟೇ.

ಸಿದ್ದಿ ಹೆಣ್ಣುಮಕ್ಕಳಿಗೆ ತಮ್ಮನ್ನ ತಾವು ತೋರಿಸಿಕೊಳ್ಳೋದು ಯಾರೂ ಕಲಿಸಬೇಕಿಲ್ಲ. ಹಳೇ ಬಟ್ಟೆ ತುಂಡು ಕೂಡಿಸಿ ಅವರು ಹೊಲಿಯೋ ಕೌದಿಗೆ ಕವಂದ್ ಅಂತಾರೆ. ಮೂಲೆಗೆ 'ಫೂಲ್' ಹಚ್ಚದಿದ್ರೆ ಅದು ಬತ್ತಲೆ ಇದ್ದ ಹಾಗೆ, ಅನ್ನೋದು ಅವರ ಲೆಕ್ಕ. ನಮ್ಮ ಫೋಟೋನೂ ಹಾಗೇ ಬತ್ತಲೆ ಇತ್ತು.

ಅದಕ್ಕೇ ಮುಂದಿನ ಫೆಸ್ಟ್‌ಗೆ ನಮ್ಮದೊಂದು ಸೂಚನೆ: ಹೆಸರಿಲ್ಲದ ಮುಖ ಗೋಡೆಗೆ ಬೇಡ. ಕೇಳಿ ತೆಗೆಯೋಣ, ಯಾವ ಸೀರೆ, ಯಾವ ಜಾಗ ಅಂತ ಅವರೇ ಹೇಳಲಿ. ಒಂದು ಪ್ರಿಂಟ್ ಅವರ ಮನೆಗೂ ಹೋಗಲಿ.

ಖಾನಾಪುರ ನಮಗೆ ಒಂದು ತಾಸಿನ ಬಸ್ ದಾರಿ. ಬರೋ ರವಿವಾರ ಆ ಫೋಟೋ ಹಿಡ್ಕೊಂಡು ಹೊಂಟೀವಿ. ಅಜ್ಜಿ ಬೈದ್ರೂ ಸರಿ, ಮೊದಲು ಹೆಸರು ಕೇಳ್ತೀವಿ.