ಮಕ್ಕಳಿಗೆ ‘ಓದು’ ಎನ್ನುವ ಮುನ್ನ

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ನಮ್ಮ ಅರಸೀಕೆರೆಯ ಕಟ್ಟೆಗಳ ಮೇಲೆ ಒಂದೇ ಮಾತು: ಯಾವ ಕಾಲೇಜು, ಎಷ್ಟು ಫೀಸು, ಯಾವ ಕೋಚಿಂಗ್? ಹೊಲದ ಮೇಲೆ ಸಾಲ ತಂದಾದರೂ ಮಕ್ಕಳನ್ನು ಓದಿಸುವ ತಂದೆ-ತಾಯಿಯರ ಶ್ರಮ ದೊಡ್ಡದು. ಆದರೆ ಹಣ ಹೊಂದಿಸಿಕೊಟ್ಟಲ್ಲಿಗೆ ಹಿರಿಯರ ಪಾಲು ಮುಗಿಯಿತು ಎಂದು ತಿಳಿಯುವುದು ತಪ್ಪೆಂದು ನನ್ನ ಅನಿಸಿಕೆ.

ನನ್ನ ಅವ್ವ ಐವತ್ತರ ಹತ್ತಿರ ಬರುವವರೆಗೆ ಹೆಬ್ಬೆಟ್ಟು ಒತ್ತಿದವಳು. 1990ರ ದಶಕದಲ್ಲಿ ಸಾಕ್ಷರತಾ ಆಂದೋಲನದ ರಾತ್ರಿ ಶಾಲೆ ನಡೆದಾಗ ಹೊಲದ ಕೆಲಸ, ಅಡುಗೆ ಮುಗಿಸಿ ಸ್ಲೇಟು ಹಿಡಿದು ಹೋದಳು. ಕೆಲವು ತಿಂಗಳಲ್ಲಿ ಶಾಲೆ ನಿಂತಿತು, ಅವ್ವನ ಕಲಿಕೆ ನಿಲ್ಲಲಿಲ್ಲ. ಆಗಲೇ ಸರ್ಕಾರಿ ಎಂಜಿನಿಯರ್ ಆಗಿದ್ದ ನಾನು ರಜೆಗೆ ಬಂದರೆ, “ಈ ಒತ್ತಕ್ಷರ ಯಾವುದಪ್ಪಾ?” ಎಂದು ಪುಸ್ತಕ ಮುಂದಿಡುತ್ತಿದ್ದಳು. “ಈ ವಯಸ್ಸಿನಾಗ ಇದೆಲ್ಲ ಯಾಕವ್ವಾ ನಿನಗ?” ಎಂದು ಒಮ್ಮೆ ಸಿಡುಕಿದೆ. “ಇಷ್ಟು ವರ್ಷ ಬಸವಣ್ಣನ ಮಾತು ಮಂದಿ ಬಾಯಿಂದ ಕೇಳೀನಿ. ಒಂದ್ಸಲ ನಾನ ಓದಬೇಕು” ಎಂದಳು. ಒಂದು ವಚನವನ್ನು ತಡವರಿಸದೆ ಓದಲು ಅವಳಿಗೆ ಮೂರು ವರ್ಷ ಹಿಡಿಯಿತು.

ನಿವೃತ್ತನಾದ ಮೇಲೆ ನಾನು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಕನ್ನಡ ಎಂ.ಎ.ಗೆ ಸೇರಿದೆ. ಹಳಗನ್ನಡದ ಪತ್ರಿಕೆಯಲ್ಲಿ ಮೊದಲ ಸಲ ಫೇಲಾದೆ. ಬಿಟ್ಟುಬಿಡೋಣ ಎನಿಸಿದಾಗ ನೆನಪಾದದ್ದು ಅವ್ವನ ಸ್ಲೇಟು. ಮತ್ತೆ ಕಟ್ಟಿ ಪಾಸಾದೆ. ಅವ್ವ ನನಗೆ ‘ಓದು’ ಎಂದು ಹೇಳಿದ ನೆನಪಿಲ್ಲ. ತಾನೇ ಓದುತ್ತಾ ಕುಳಿತಿದ್ದ ನೆನಪಿದೆ.

ಅವ್ವ ಓದಿದ ವಚನಗಳು ಅಚ್ಚಾಗಿ ಜನರ ಕೈ ಸೇರಿದ್ದರ ಹಿಂದೆ ಡಾ. ಫ. ಗು. ಹಳಕಟ್ಟಿಯವರ ಶ್ರಮವಿದೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ತಂದೆ ಗುರುಬಸಪ್ಪನವರು ಶಿಕ್ಷಕರು, ಬರಹಗಾರರು. ಓದು-ಬರಹ ನಡೆದ ಮನೆಯಲ್ಲಿ ಬೆಳೆದ ಮಗ ಮುಂಬಯಿಯಲ್ಲಿ ಕಲಿತು ವಕೀಲರಾದರೂ ಅಲ್ಲಿಗೆ ನಿಲ್ಲಲಿಲ್ಲ. ಓಲೆಗರಿಗಳನ್ನು ಹುಡುಕಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಮನೆಯಲ್ಲಿ ಕಂಡ ಓದು ಹೊಟ್ಟೆಪಾಡಿನ ಆಚೆಗೂ ಗುರಿ ಕೊಡಬಲ್ಲದು.

ಇಂದು ಎಷ್ಟೋ ಮನೆಗಳಲ್ಲಿ ನಡೆಯುವುದು ಬೇರೆ. “ನಿನಗಾಗಿ ಇಷ್ಟು ಸಾಲ ಮಾಡೀವಿ” ಎಂದು ಮಗುವಿಗೆ ದಿನವೂ ನೆನಪಿಸುತ್ತೇವೆ. ಹೀಗೆ ಎತ್ತಿ ಆಡಿದ ಶ್ರಮ ಸ್ಫೂರ್ತಿಯಾಗುವುದಿಲ್ಲ, ಸಾಲ ವಸೂಲಿಯಾಗುತ್ತದೆ. ಮಗಳ ಸರದಿ ಬಂದರೆ ಆ ಶ್ರಮವೂ ಹತ್ತನೆಯ ತರಗತಿಗೆ ನಿಲ್ಲುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು 14 ವರ್ಷದವರೆಗೆ. ಅನಂತರ ಅವಳ ಓದು ಮನೆಯವರ ಮನಸ್ಸಿಗೆ ಬಿಟ್ಟದ್ದು. ಕದಿರ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮರಂಥ ಕಾಯಕದ ಹೆಣ್ಣುಮಕ್ಕಳು ವಚನ ಬರೆದ ಪರಂಪರೆ ನಮ್ಮದೆಂದು ವೇದಿಕೆಯಲ್ಲಿ ಹೇಳಿ, ಮನೆಯ ಮಗಳನ್ನು ಪಿಯುಸಿಗೆ ಕಳಿಸದಿದ್ದರೆ ಅದು ಆತ್ಮವಂಚನೆ.

ಸರ್ಕಾರ ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಿದೆ. ನಮ್ಮ ಮಠಗಳು ಅನ್ನವನ್ನೂ ನೀಡಿವೆ, ಶಾಲೆ-ಕಾಲೇಜುಗಳನ್ನೂ ಕಟ್ಟಿವೆ. ಇನ್ನೊಂದು ಹೆಜ್ಜೆ ಬೇಕು. ವಾರಕ್ಕೆ ಎರಡು ಸಂಜೆ ಮಠದ ಪಡಸಾಲೆ ಓದಿಗೆ ಮೀಸಲಾಗಲಿ. ನನ್ನಂಥ ನಿವೃತ್ತರು ಗಣಿತ, ವಿಜ್ಞಾನ ಹೇಳಿಕೊಡಲಿ. ಮಕ್ಕಳ ಪಕ್ಕದಲ್ಲಿ ಅಪ್ಪ-ಅವ್ವಂದಿರೂ ಕುಳಿತು ಒಂದು ಪುಟವಾದರೂ ಓದಲಿ. ಅಕ್ಷರ ಬಾರದವರಿಗೆ ಮಕ್ಕಳೇ ಕಲಿಸಲಿ; ಅದರಲ್ಲಿ ನಾಚಿಕೆಯೇನಿಲ್ಲ. ಮಗನಿಂದ ಒತ್ತಕ್ಷರ ಕಲಿಯಲು ನನ್ನ ಅವ್ವ ನಾಚಲಿಲ್ಲ.

ಅರಸೀಕೆರೆಯಲ್ಲಿ ಗಣಿತ ಹೇಳಿಕೊಡಲು ನಾನು ಸಿದ್ಧನಿದ್ದೇನೆ. ನಿಮ್ಮೂರಿನಲ್ಲಿ ನೀವು ಮುಂದೆ ಬನ್ನಿ.